ಒಂದರ ಹಿಂದೆ ಒಂದು ಅಡಗುವ ಮೂರು: ಆಟಿಸಂ, ಎಡಿಎಚ್‌ಡಿ ಮತ್ತು ಕ್ವಿಯರ್ ಬದುಕು

ಆಟಿಸಂ ಇರುವವರಿಗೆ ದಿನಚರಿ ತಪ್ಪಿದರೆ ಕಷ್ಟ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ತಡೆಯಿಲ್ಲದೆ ಓಡುವ ತಲೆ, ಇರುವವರಿಗೆ ದಿನಚರಿ ಇದ್ದರೇ ಕಷ್ಟ. ಎರಡೂ ಒಬ್ಬರ ತಲೆಯೊಳಗೇ ಇದ್ದರೆ? ತಿಂಗಳುಗಟ್ಟಲೆ ಬೆಳಗ್ಗೆ ಅದೇ ಅವಲಕ್ಕಿ, ಅದೇ ತಟ್ಟೆ, ಅದೇ ಮೂಲೆಯ ಕುರ್ಚಿ. ಒಂದು ದಿನ ಇದ್ದಕ್ಕಿದ್ದಂತೆ ಅವಲಕ್ಕಿ ಕಂಡರೆ ಹೊಟ್ಟೆ ತೊಳೆಸುತ್ತದೆ. ಅದರ ಬದಲು ಏನು ತಿನ್ನಬೇಕು ಅಂತ ತೀರ್ಮಾನ ಮಾಡಲೂ ಆಗುವುದಿಲ್ಲ. ಮಧ್ಯಾಹ್ನ ತಲೆ ಸುತ್ತಿದಾಗ ಗೊತ್ತಾಗುತ್ತದೆ, ಇವತ್ತು ಏನೂ ತಿಂದೇ ಇಲ್ಲ.

ನನ್ನದು ಇಂಥ ತಲೆ. ಜೊತೆಗೆ ನಾನು ಕ್ವಿಯರ್. ಗೇ, ಲೆಸ್ಬಿಯನ್, ಬೈ, ಟ್ರಾನ್ಸ್, ಅಸೆಕ್ಷುವಲ್ ಎಲ್ಲರೂ ಸೇರುವ ದೊಡ್ಡ ಪದ ಅದು. ಈ ಮೂರೂ ಒಟ್ಟಿಗೆ ಇರುವವರು ಅಪರೂಪ ಅಂತ ಜನ ಅಂದುಕೊಳ್ಳುತ್ತಾರೆ. ಅಪರೂಪ ಅಲ್ಲ, ಕಾಣಿಸುವುದಿಲ್ಲ ಅಷ್ಟೇ. ಆಟಿಸಂ ಎಡಿಎಚ್‌ಡಿಯನ್ನು ಮುಚ್ಚುತ್ತದೆ, ಎಡಿಎಚ್‌ಡಿ ಆಟಿಸಂ ಅನ್ನು ಮುಚ್ಚುತ್ತದೆ, ಕ್ವಿಯರ್ ಅನ್ನುವುದನ್ನು ನಾವೇ ಮುಚ್ಚಿಡುತ್ತೇವೆ. ನಮ್ಮನ್ನು ಹೆಚ್ಚು ಸುಸ್ತು ಮಾಡುವುದು ಈ ಮೂರರಲ್ಲಿ ಯಾವುದೂ ಅಲ್ಲ, ಈ ಮುಚ್ಚುವ ಕೆಲಸ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದೆರಡು ಬುನಾದಿ ಮಾತು. ಆಟಿಸಂ, ಎಡಿಎಚ್‌ಡಿ ಎರಡೂ ಹುಟ್ಟಿನಿಂದ ಬರುವ ಮಿದುಳಿನ ರೀತಿ. ಎರಡರಲ್ಲೂ ವಂಶವಾಹಿಯ ಪಾಲು ದೊಡ್ಡದು. ಬೆಳೆದ ಮೇಲೆ ವಾಸಿಯಾಗುವ ಮಕ್ಕಳ ಕಾಯಿಲೆಗಳಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಅಮೆರಿಕದಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಜಗತ್ತಿಗೆ ಪರಿಚಯವಾಯಿತು. ಆ ಲೇಖನದ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ದೇಶ ಸುತ್ತಿದರು. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಆಟಿಸಂ ಅಂದಕೂಡಲೇ ನಮಗೆ ಇವತ್ತೂ ನೆನಪಾಗುವುದು ಮಗುವಿನ ಮುಖ ಮಾತ್ರ.

ಇನ್ನು ಎರಡೂ ಒಟ್ಟಿಗೆ ಇರುವ ವಿಚಾರ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಡಿಎಸ್‌ಎಂ ಎಂಬ ಅಮೆರಿಕದ ಕೈಪಿಡಿ ಇದೆ. ಅದರ 1994ರ ಆವೃತ್ತಿಯ ಪ್ರಕಾರ ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಇದೆ ಅಂತ ಬರೆಯುವ ಹಾಗಿರಲಿಲ್ಲ. ಆ ನಿಯಮ ಹೋಗಿದ್ದು 2013ರಲ್ಲಿ, ಐದನೇ ಆವೃತ್ತಿ ಬಂದಾಗ. ಅಂದರೆ ಇವತ್ತು ಮೂವತ್ತು ದಾಟಿದವರ ಇಡೀ ಬಾಲ್ಯದಲ್ಲಿ ಈ ಜೋಡಿ ಪುಸ್ತಕದ ಪ್ರಕಾರ ಇರಲೇ ಇಲ್ಲ! ಆಮೇಲೆ ಬಂದ ಅಧ್ಯಯನಗಳು ಕೊಡುವ ಅಂಕಿ ಬೇರೆ ಬೇರೆ. ಆದರೂ ಆಟಿಸಂ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, ಕೆಲವು ಅಧ್ಯಯನಗಳಲ್ಲಿ ಅದಕ್ಕೂ ಜಾಸ್ತಿ ಜನರಿಗೆ, ಎಡಿಎಚ್‌ಡಿಯೂ ಇದೆ. ಎರಡೂ ಇರುವವರು ತಮ್ಮನ್ನು ಆಡಿಎಚ್‌ಡಿ ಅಂತ ಕರೆದುಕೊಳ್ಳುವುದುಂಟು.

ಒಳಗಿನ ಹಗ್ಗಜಗ್ಗಾಟ

ಹೊರಗಿನಿಂದ ನೋಡಿದರೆ ಈ ಜೋಡಿ ಒಮ್ಮೊಮ್ಮೆ ಏನೂ ತೊಂದರೆ ಇಲ್ಲದ ಹಾಗೆ ಕಾಣುತ್ತದೆ. ಎಡಿಎಚ್‌ಡಿ ಬಾಯಿಗೆ ಬಂದದ್ದನ್ನು ಆಡಿಸುತ್ತದೆ. ಹಾಗಾಗಿ ಮನುಷ್ಯ ಕಲಕಲ ಅಂತ ಮಾತಾಡುತ್ತಾನೆ, ಜೋಕ್ ಹೊಡೆಯುತ್ತಾನೆ. ಇವನಿಗೆಲ್ಲಿಯ ಆಟಿಸಂ ಅಂತ ಜನ ಕೇಳುತ್ತಾರೆ. ಮನೆಗೆ ಬಂದು ಆತ ಆ ಮಾತುಕತೆಯನ್ನು ರಾತ್ರಿಯೆಲ್ಲ ಮತ್ತೆ ಮತ್ತೆ ತಿರುವಿಹಾಕುವುದು ಯಾರಿಗೂ ಕಾಣುವುದಿಲ್ಲ. ಇನ್ನೊಂದು ಕಡೆ ಆಟಿಸಂ ಪಟ್ಟಿ ಮಾಡಿಸುತ್ತದೆ, ಎಲ್ಲವನ್ನೂ ಅದರದರ ಜಾಗದಲ್ಲಿ ಇಡಿಸುತ್ತದೆ. ಇಷ್ಟು ಶಿಸ್ತಿನವಳಿಗೆ ಎಡಿಎಚ್‌ಡಿ ಹೇಗೆ ಸಾಧ್ಯ ಅನ್ನುತ್ತಾರೆ. ಬಸ್ ತಪ್ಪಬಹುದು ಅನ್ನುವ ಭಯಕ್ಕೆ ಅವಳು ಎರಡು ಗಂಟೆ ಮೊದಲೇ ಮೆಜೆಸ್ಟಿಕ್‌ನಲ್ಲಿ ಕೂತಿರುತ್ತಾಳೆ. ಅದನ್ನು ಸಮಯಪಾಲನೆ ಅಂತ ಹೊಗಳುತ್ತಾರೆ. ಅವಳಿಗೆ ಹತ್ತು ನಿಮಿಷ ಯಾವುದು, ಒಂದು ಗಂಟೆ ಯಾವುದು ಅನ್ನುವ ಅಂದಾಜೇ ಇಲ್ಲ, ಅದಕ್ಕೇ ಹಾಗೆ ಕೂತಿರುವುದು.

ಸಂಜೆ 4 ಗಂಟೆಗೆ ಡಾಕ್ಟರ್ ಹತ್ತಿರ ಹೋಗುವುದಿದೆ ಅನ್ನಿ. ಬೆಳಗ್ಗೆಯಿಂದ ಬೇರೆ ಯಾವ ಕೆಲಸಕ್ಕೂ ಕೈ ಹೋಗುವುದಿಲ್ಲ. ಇದಕ್ಕೆ ನಮ್ಮ ಜನ ವೇಟಿಂಗ್ ಮೋಡ್ ಅನ್ನುತ್ತಾರೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ತಿರುಗಿಸುವುದೇ ಆಟಿಸಂ ಇರುವವರಿಗೆ ಭಾರ. ಮಧ್ಯದ ಸಮಯವನ್ನು ಅಳೆಯುವುದು ಎಡಿಎಚ್‌ಡಿ ಇರುವವರಿಗೆ ಭಾರ. ಎರಡೂ ಸೇರಿದರೆ ಇಡೀ ದಿನ ಸೋಫಾ ಮೇಲೆ ಕರಗುತ್ತದೆ.

ಶಬ್ದ, ಬೆಳಕು, ವಾಸನೆಗಳದ್ದೂ ಹೀಗೇ. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುವವರೇ ಕೆಲಸ ಮಾಡುವಾಗ ಒಂದೇ ಹಾಡನ್ನು ಜೋರಾಗಿ ನೂರು ಸಲ ಹಾಕುತ್ತಾರೆ. ಮನೆಯವರಿಗೆ ಇದು ನಾಟಕದ ಹಾಗೆ ಕಾಣುತ್ತದೆ. ಆದರೆ ಹಾಡು ಯಾವಾಗ ಬರುತ್ತದೆ, ಹೇಗೆ ಮುಗಿಯುತ್ತದೆ ಎಲ್ಲ ನಮಗೆ ಗೊತ್ತು. ಮಿಕ್ಸಿ ಹೇಳದೆ ಕೇಳದೆ ಬರುತ್ತದೆ.

ದುಡ್ಡಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಹೊಸ ಆಸಕ್ತಿ ಹುಟ್ಟಿದರೆ ಅದರ ಬಗ್ಗೆ ಆಳವಾಗಿ ಓದುವುದು ಆಟಿಸಂ ಸ್ವಭಾವ. ಅದಕ್ಕೆ ಬೇಕಾದ ಸಾಮಾನನ್ನು ಇವತ್ತೇ ರಾತ್ರಿ ಆರ್ಡರ್ ಮಾಡುವುದು ಎಡಿಎಚ್‌ಡಿ ಸ್ವಭಾವ. ಆರು ವಾರದ ಮೇಲೆ ಆಸಕ್ತಿ ಹಾರಿಹೋಗುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ನನ್ನ ಅಟ್ಟದ ಮೇಲೆ ಏನೇನಿದೆ ಅಂತ ಮಾತ್ರ ಕೇಳಬೇಡಿ. ಜೊತೆಗೆ ಕರೆಂಟ್ ಬಿಲ್ಲಿನ ದಂಡ, ಕ್ರೆಡಿಟ್ ಕಾರ್ಡಿನ ದಂಡ, ರದ್ದು ಮಾಡಲು ಮರೆತ ಚಂದಾಗಳು. ಕೈಯಲ್ಲಿ ದುಡ್ಡಿಲ್ಲ ಅಂತಲ್ಲ, ಕಟ್ಟುವ ಕೆಲಸ ಶುರುವಾಗಲಿಲ್ಲ ಅಷ್ಟೇ.

ಮದುವೆ ಮನೆಯ ಮುಖವಾಡ

ತನ್ನ ಸಹಜ ರೀತಿಯನ್ನು ಅಡಗಿಸಿ ಉಳಿದವರ ಹಾಗೆ ನಟಿಸುವುದನ್ನು ಮಾಸ್ಕಿಂಗ್ ಅನ್ನುತ್ತಾರೆ. ಕೈ ಅಲ್ಲಾಡಿಸಬೇಕು ಅನ್ನಿಸಿದರೆ ತಡೆಯುವುದು, ನಗುವ ಹೊತ್ತಿಗೆ ನಗುವುದು, ಮಾತಿನ ಮೊದಲೇ ವಾಕ್ಯ ತಯಾರು ಮಾಡಿಕೊಳ್ಳುವುದು.

ನಮ್ಮ ಕಡೆ ಮಾಸ್ಕಿಂಗ್‌ಗೆ ಬೇರೆಯದೇ ಬಣ್ಣ ಇದೆ. ಪಶ್ಚಿಮದ ಪುಸ್ತಕಗಳು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಾರಾ ಅಂತ ಕೇಳುತ್ತವೆ. ನಮ್ಮ ಮನೆಗಳಲ್ಲಿ ಹಿರಿಯರ ಎದುರು ತಲೆ ತಗ್ಗಿಸಿ ನಿಂತರೆ ಸಂಸ್ಕಾರವಂತ ಮಗು ಅಂತ ಹೆಸರು. ಹಾಗಾಗಿ ಆ ಲಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಶಲ ಮಾತಿಗೂ ನಮ್ಮಲ್ಲಿ ಸಿದ್ಧ ವಾಕ್ಯಗಳಿವೆ. ಊಟ ಆಯ್ತಾ, ಮಳೆ ಹೇಗೆ, ಯಾವಾಗ ಬಂದ್ರಿ. ಉತ್ತರವೂ ಸಿದ್ಧ. ಇದು ಆಟಿಸಂ ಇರುವವರಿಗೆ ಒಂದು ವರ ಅಂತಲೇ ನನ್ನ ಅನಿಸಿಕೆ.

ಆದರೆ ಮದುವೆ ಮನೆ? ವಾಲಗದ ಶಬ್ದ, ಮಲ್ಲಿಗೆಯ ವಾಸನೆ, ಚುಚ್ಚುವ ಜರಿ ಅಂಚು, ಸಾಲು ಸಾಲು ನೆಂಟರು. ಅದರಲ್ಲೊಬ್ಬರು ಮುಂದೆ ಬಂದು ನಿಲ್ಲುತ್ತಾರೆ: "ನಾನ್ಯಾರು ಹೇಳು ನೋಡೋಣ?" ಮುಖ ನೆನಪಿಡಲು ಕಷ್ಟ ಇರುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅದು ಮುಗಿಯುವಷ್ಟರಲ್ಲಿ ಮುಂದಿನ ಪ್ರಶ್ನೆ: "ನಿಂದ್ಯಾವಾಗ?"

ಇಲ್ಲಿ ಎರಡನೇ ಮುಖವಾಡ ಬೇಕಾಗುತ್ತದೆ. ಕ್ವಿಯರ್ ಆದವರು ಯಾವ ಹೆಸರು ಬಾಯಿಗೆ ಬರಬಾರದು, ಜೊತೆಗಾರನನ್ನು ಏನಂತ ಕರೆಯಬೇಕು, ಯಾರಿಗೆ ಯಾವ ಸುಳ್ಳು ಹೇಳಿದ್ದೇನೆ ಎಲ್ಲ ಲೆಕ್ಕ ಇಡಬೇಕು. ಎಡಿಎಚ್‌ಡಿ ಇರುವವರ ನೆನಪಿನ ಶಕ್ತಿಗೆ ಇದು ಆಗದ ಕೆಲಸ. ಆಟಿಸಂ ಇರುವ ಹಲವರಿಗೆ ಸುಳ್ಳು ಹೇಳುವುದೇ ಹಿಂಸೆ. ಹಾಗಾಗಿ ನಮ್ಮಲ್ಲಿ ಕೆಲವರು ಯೋಚಿಸದೆ ಊಟದ ಪಂಕ್ತಿಯಲ್ಲೇ ಎಲ್ಲ ಹೇಳಿಬಿಡುತ್ತಾರೆ. ಇನ್ನು ಕೆಲವರು ನೆಂಟರಿಷ್ಟರ ಮನೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ.

ಎರಡೂ ಮುಖವಾಡಗಳ ಇತಿಹಾಸ ಒಂದು ಕಡೆ ಕೂಡುತ್ತದೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಓಲೆ ಐವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ ಇದ್ದರು. ಬಹುಮಾನ ಮತ್ತು ಶಿಕ್ಷೆಯಿಂದ ಆಟಿಸಂ ಮಕ್ಕಳ ವರ್ತನೆ ತಿದ್ದುವ ಪದ್ಧತಿಯನ್ನು ಬೆಳೆಸಿದವರು. 1960ರ ದಶಕದ ಪ್ರಯೋಗಗಳಲ್ಲಿ ಮಕ್ಕಳಿಗೆ ಕರೆಂಟ್ ಶಾಕ್ ಕೊಟ್ಟದ್ದೂ ಇದೆ. 1974ರಲ್ಲಿ ಅವರೇ ಜಾರ್ಜ್ ರೇಕರ್ಸ್ ಜೊತೆ ಇನ್ನೊಂದು ಲೇಖನ ಬರೆದರು. ಅದು ಹೆಣ್ಣುಮಕ್ಕಳ ಹಾಗೆ ನಡೆದುಕೊಳ್ಳುವ ಒಬ್ಬ ಪುಟ್ಟ ಹುಡುಗನನ್ನು ಅದೇ ರೀತಿ "ಸರಿ" ಮಾಡುವ ಬಗ್ಗೆ. ಕೈ ಬೀಸುವ ಮಗುವಿಗೂ, ನಡು ಬಳುಕಿಸುವ ಹುಡುಗನಿಗೂ ಹೇಳಿಕೊಟ್ಟ ಪಾಠ ಒಂದೇ: ಒಳಗೆ ಏನಾದರೂ ಇರಲಿ, ನೋಡುವವರಿಗೆ ಬೇರೆ ಕಾಣಬೇಡ.

ಕ್ವಿಯರ್ ಆಗಿದ್ದು ಆಟಿಸಂನಿಂದಲಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ವೈದ್ಯರೂ ಕೇಳುತ್ತಾರೆ. 2020ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದರು. ಟ್ರಾನ್ಸ್ ಮತ್ತು ಲಿಂಗ ವೈವಿಧ್ಯದ ಜನರಲ್ಲಿ ಆಟಿಸಂ ಇರುವ ಸಾಧ್ಯತೆ ಉಳಿದವರಿಗಿಂತ 3ರಿಂದ 6 ಪಟ್ಟು ಜಾಸ್ತಿ ಅಂತ ಅವರಿಗೆ ಕಂಡಿತು. ಆಟಿಸಂ ಇರುವವರಲ್ಲಿ ಗೇ, ಬೈ, ಅಸೆಕ್ಷುವಲ್ ಅಂತ ಹೇಳಿಕೊಳ್ಳುವವರೂ ಹೆಚ್ಚು ಅಂತ ಬೇರೆ ಅಧ್ಯಯನಗಳು ಹೇಳಿವೆ.

ನಂಟು ಇದೆ. ಕಾರಣ ಯಾವುದು ಅಂತ ಯಾರೂ ಸಾಬೀತು ಮಾಡಿಲ್ಲ. "ಹೀಗೇ ಇರಬೇಕು" ಅನ್ನುವ ಸಮಾಜದ ಹೇಳದ ನಿಯಮಗಳು ಆಟಿಸಂ ಇರುವವರಿಗೆ ತಾನಾಗಿ ತಲೆಗೆ ಹೋಗುವುದಿಲ್ಲ, ಹಾಗಾಗಿ ತಮ್ಮೊಳಗೆ ಇರುವುದನ್ನು ಒಪ್ಪಿಕೊಳ್ಳಲು ಅಡ್ಡಿ ಕಮ್ಮಿ ಅನ್ನುವುದು ಒಂದು ವಾದ. ನನಗೆ ಇದು ಹತ್ತಿರ ಅನ್ನಿಸುತ್ತದೆ. ಗಂಡು ಅಂದರೆ ಇದು, ಹೆಣ್ಣು ಅಂದರೆ ಇದು ಅಂತ ಹೇಳಿದಾಗ "ಯಾಕೆ?" ಅಂತ ನಿಜವಾಗಿಯೂ ಉತ್ತರ ಬೇಕಾಗಿ ಕೇಳುವ ಮಕ್ಕಳು ನಾವು. ಸರಿಯಾದ ಉತ್ತರ ಯಾರೂ ಕೊಡಲಿಲ್ಲ.

ಆದರೆ ಈ ನಂಟನ್ನು ತಿರುಚುವುದು ಸುಲಭ. ನಾನು ಹೋಗಿದ್ದ ಒಬ್ಬ ವೈದ್ಯರು, ಇದೆಲ್ಲ ಆಟಿಸಂನ ಗೊಂದಲ, ಕ್ವಿಯರ್ ಅನ್ನುವುದೂ ನಿಮ್ಮ ಒಂದು ತೀವ್ರ ಆಸಕ್ತಿ, ಹೋಗುತ್ತದೆ ಬಿಡಿ ಅಂದರು. ಆಟಿಸಂ ಇರುವವರಿಗೆ ತಮ್ಮ ಮನಸ್ಸು ತಮಗೇ ತಿಳಿಯುವುದಿಲ್ಲ ಅನ್ನುವ ನಂಬಿಕೆ ಇದರ ಬುಡದಲ್ಲಿದೆ. ಒಂದು ಅರ್ಧಸತ್ಯ ಇದೆ, ನಿಜ. ನಮ್ಮಲ್ಲಿ ಅನೇಕರಿಗೆ ಭಾವನೆಗೆ ಹೆಸರು ಕೊಡುವುದು ಕಷ್ಟ. ಹಸಿವು, ಬಾಯಾರಿಕೆ, ಎದೆ ಬಡಿತ ಗೊತ್ತಾಗುವುದೂ ತಡ. ಇವರಂತೆ ನಾನಾಗಬೇಕಾ, ಇವರು ನನಗೆ ಬೇಕಾ ಅಂತ ತಿಳಿಯಲು ವರ್ಷಗಳು ಹಿಡಿಯಬಹುದು. ಆದರೆ ತಡವಾಗಿ ಗೊತ್ತಾದದ್ದು ಸುಳ್ಳಲ್ಲವಲ್ಲ.

ಕಾನೂನು ಇಲ್ಲಿ ನಮ್ಮ ಪರ ಇದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯಲ್ಲಿ ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅನ್ನುತ್ತದೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಲೈಂಗಿಕ ಒಲವನ್ನು "ಬದಲಾಯಿಸುವ" ಚಿಕಿತ್ಸೆಗೆ ತಡೆ ಹಾಕುವಂತೆ ಆದೇಶ ಕೊಟ್ಟರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಅಂತ ಹೇಳಿತು.

ಇನ್ನು ನಮ್ಮವರ ನಡುವೆಯೇ ಸಿಗುವ ತೊಡಕು. ಬೆಂಗಳೂರಿನಲ್ಲಿ 2008ರಿಂದ ಕ್ವಿಯರ್ ಜನರ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ತಮಟೆ, ಕುಣಿತ, ಬಣ್ಣ, ಜನ. ಮನಸ್ಸಿಗೆ ಹಬ್ಬ, ಕಿವಿಗೆ ಹಿಂಸೆ. ಇಯರ್‌ಪ್ಲಗ್ ಹಾಕಿಕೊಂಡು ಅರ್ಧ ದಾರಿ ನಡೆದು ಮನೆಗೆ ಬಂದರೂ ಪ್ರೈಡ್‌ಗೆ ಹೋದಂತೆಯೇ ಲೆಕ್ಕ. ಇನ್ನೊಂದು ಕಡೆ, ಆಟಿಸಂ ಗುಂಪುಗಳು ನಮ್ಮಲ್ಲಿ ಹೆಚ್ಚಾಗಿ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರದ್ದು. ಅಲ್ಲಿ ದೊಡ್ಡವರೊಬ್ಬರು ಎದ್ದು ನಿಂತು ನನಗೊಬ್ಬ ಬಾಯ್‌ಫ್ರೆಂಡ್ ಇದ್ದಾನೆ ಅಂದರೆ ಸಭೆ ಸ್ತಬ್ಧ.

ಡೇಟಿಂಗ್ ಪೂರ್ತಿ ಸೂಚನೆಗಳ ಆಟ. ಆಟಿಸಂ ಇರುವವರಿಗೆ ಸೂಚನೆ ತಿಳಿಯುವುದಿಲ್ಲ, ಎಡಿಎಚ್‌ಡಿ ಇರುವವರು ಮೆಸೇಜ್‌ಗೆ ಮನಸ್ಸಿನಲ್ಲೇ ಉತ್ತರ ಕೊಟ್ಟು ಕಳಿಸಲು ಮರೆಯುತ್ತಾರೆ. ಎದುರಿನವರು ಒಂದು ದಿನ ಉತ್ತರ ಕೊಡದಿದ್ದರೆ ಮಾತ್ರ ಲೋಕವೇ ಕುಸಿದಂತೆ ನೋವು. ಬಾಯಿ ಬಿಟ್ಟು ಕೇಳುವುದೊಂದೇ ದಾರಿ. "ಇದು ಡೇಟಾ, ಸುಮ್ನೆ ಕಾಫಿನಾ?" ಅಂತ ಕೇಳಿದರೆ ಕೆಲವರು ನಗುತ್ತಾರೆ. ನಗದೆ ಉತ್ತರ ಕೊಡುವವರು ಸಿಕ್ಕರೆ ಬಿಡಬೇಡಿ.

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅನ್ನುವ ಹಳೆಯ ಮಾತಿಗೆ 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕ ಉತ್ತರ ಕೊಟ್ಟರು. ಅವರಿಗೂ ಆಟಿಸಂ ಇದೆ. ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಅಂತ ಅವರ ವಾದ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆಗೆ ಹಚ್ಚಿದರು. ಸಾಲಾಗಿ ಒಬ್ಬರಿಂದ ಒಬ್ಬರಿಗೆ ಒಂದು ಕಥೆ ದಾಟಿಸಬೇಕು. ಎಲ್ಲರಿಗೂ ಆಟಿಸಂ ಇದ್ದ ಸಾಲು, ಯಾರಿಗೂ ಇಲ್ಲದ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಕಥೆ ಜಾಸ್ತಿ ಸೋರಿದ್ದು ಇಬ್ಬರೂ ಬೆರೆತ ಸಾಲಿನಲ್ಲಿ.

ಪರೀಕ್ಷೆ, ಮಾತ್ರೆ, ಕಾಗದ

ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸಲು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಬೇಕು. ಅವರು ಬಾಲ್ಯದ ವಿವರ ಕೇಳುತ್ತಾರೆ. ಎಡಿಎಚ್‌ಡಿ ಅನ್ನಲು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರಬೇಕು. "ತಾಯಿಯನ್ನು ಕರೆದುಕೊಂಡು ಬನ್ನಿ" ಅನ್ನುತ್ತಾರೆ. ಮನೆಯಿಂದ ಹೊರಬಿದ್ದ ಕ್ವಿಯರ್ ವ್ಯಕ್ತಿಗೆ ಈ ಒಂದು ಮಾತೇ ದೊಡ್ಡ ಗೋಡೆ. ಹಳೆಯ ಅಂಕಪಟ್ಟಿ, ಟೀಚರ್ ಬರೆದ "ಬುದ್ಧಿ ಇದೆ, ಗಮನ ಇಲ್ಲ", ಅಕ್ಕನ ಅಥವಾ ಹಳೆಯ ಗೆಳತಿಯ ಮಾತು ಕೂಡ ನೆರವಾಗುತ್ತವೆ. ಹೋಗುವ ಮೊದಲೇ ಫೋನ್ ಮಾಡಿ ಇದು ನಡೆಯುತ್ತದಾ ಅಂತ ಕೇಳಿ. ಹೆಣ್ಣು ಅಂತ ಬೆಳೆಸಲ್ಪಟ್ಟವರಿಗೆ ಆತಂಕ, ಖಿನ್ನತೆ ಅಂತ ಮೊದಲು ಹಣೆಪಟ್ಟಿ ಬಿದ್ದಿರುತ್ತದೆ. ಅದೂ ಇರಬಹುದು, ಅದರ ಕೆಳಗೆ ಇದೂ ಇರಬಹುದು.

ಆಟಿಸಂನ ಮೂಲ ಗುಣಗಳಿಗೆ ಮಾತ್ರೆ ಇಲ್ಲ. ಎಡಿಎಚ್‌ಡಿಗೆ ಇದೆ. ಭಾರತದಲ್ಲಿ ಹೆಚ್ಚಾಗಿ ಕೊಡುವುದು ಮಿಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸಿಟೀನ್. ಮೊದಲನೆಯದು ಶೆಡ್ಯೂಲ್ ಎಕ್ಸ್ ಔಷಧಿ, ನಿಯಮ ಬಿಗಿ, ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಚೀಟಿ ಕಳೆದುಕೊಳ್ಳುವ ಕಾಯಿಲೆಗೆ ಚೀಟಿ ಜೋಪಾನ ಮಾಡಬೇಕಾದ ಮದ್ದು! ಮಾತ್ರೆ ಶುರುವಾದ ಮೇಲೆ ಆಟಿಸಂ ಜಾಸ್ತಿಯಾದಂತೆ ಅನ್ನಿಸುತ್ತದೆ ಅಂತ ಅನೇಕರು ಹೇಳುತ್ತಾರೆ. ಒಳಗಿನ ಗದ್ದಲ ತಗ್ಗಿದಾಗ ಇಷ್ಟು ದಿನ ಮುಚ್ಚಿಹೋಗಿದ್ದ ಟ್ಯೂಬ್‌ಲೈಟ್ ಗುಂಯ್‌ಗುಟ್ಟುವುದು ಕೇಳಿಸತೊಡಗುತ್ತದೆ.

ಸರ್ಟಿಫಿಕೇಟ್ ಬೇಕಾ ಬೇಡವಾ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಮೀಸಲಾತಿಯಂಥ ಸವಲತ್ತಿಗೆ 40 ಶೇಕಡಾ ಅಂಗವಿಕಲತೆ ಇರಬೇಕು. ನೌಕರಿ ಮಾಡುತ್ತಾ ಚೆನ್ನಾಗಿ ಮಾಸ್ಕ್ ಮಾಡುವವರಿಗೆ ಆ ಅಂಕ ಸಿಗುವುದು ಕಷ್ಟ. ಕ್ವಿಯರ್ ಜನ ಇನ್ನೊಂದು ವಿಷಯ ತಿಳಿದಿರಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಇರುವ ವಯಸ್ಕರಿಗೆ ಗಾರ್ಡಿಯನ್, ಅಂದರೆ ಅವರ ಹೊಣೆ ಹೊರುವವರೊಬ್ಬರನ್ನು ನೇಮಿಸಿ ಅಂತ ತಂದೆ ತಾಯಿ ಅಥವಾ ಸಂಬಂಧಿಕರು ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಸರ್ಟಿಫಿಕೇಟ್ ಪಡೆದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಗಾರ್ಡಿಯನ್ ಬೇಕೇ ಅಂತ ಸಮಿತಿ ನೋಡಲೇಬೇಕು. 2016ರ ಕಾಯಿದೆ ನಿಮಗೆ ಬೇರೆ ಎಲ್ಲರಷ್ಟೇ ಕಾನೂನು ಸಾಮರ್ಥ್ಯ ಇದೆ ಅನ್ನುತ್ತದೆ. ಆದರೂ ಮನೆಯವರೊಂದಿಗೆ ಸಂಬಂಧ ಕೆಟ್ಟಿದ್ದರೆ, ವಕೀಲರೊಬ್ಬರನ್ನು ಕೇಳಿ ಮುಂದೆ ಹೆಜ್ಜೆ ಇಡುವುದು ಒಳ್ಳೆಯದು.

ಮುಖವಾಡ ತೀರಾ ಭಾರವಾದಾಗ ಬರುವುದು ಬರ್ನ್‌ಔಟ್. ಮಾತು ನಿಲ್ಲುತ್ತದೆ, ಮೊದಲು ಬರುತ್ತಿದ್ದ ಕೆಲಸ ಬರುವುದಿಲ್ಲ, ಸಣ್ಣ ಶಬ್ದವೂ ತಡೆಯಲಾಗುವುದಿಲ್ಲ. ಹೊರಗಿನಿಂದ ಖಿನ್ನತೆಯ ಹಾಗೇ ಕಾಣುತ್ತದೆ. ಖಿನ್ನತೆಗೆ ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ ಅಂತ ಸಲಹೆ ಕೊಡುತ್ತಾರೆ. ಬರ್ನ್‌ಔಟ್‌ಗೆ ಅದೇ ವಿಷ. ಬೇಕಾಗಿರುವುದು ಕತ್ತಲೆ ಕೋಣೆ, ಕಡಿಮೆ ಜನ, ಕಡಿಮೆ ನಟನೆ. ಎರಡೂ ಒಟ್ಟಿಗೆ ಬರಬಹುದು. ಸಾಯಬೇಕು ಅನ್ನಿಸಿದರೆ ಕಾಯಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ದಿನದ ಬದುಕಿಗೆ ದೊಡ್ಡ ಉಪಾಯಗಳಿಲ್ಲ. ದಿನಚರಿ ಇರಲಿ, ಅದರೊಳಗೆ ಎರಡು ಆಯ್ಕೆ ಇರಲಿ: ಅವಲಕ್ಕಿ ಇಲ್ಲವೇ ಬ್ರೆಡ್, ಮೂರನೆಯದು ಬೇಡ. ಕೆಲಸ ಶುರುವಾಗದಿದ್ದರೆ ಗೆಳೆಯರೊಬ್ಬರು ವೀಡಿಯೋ ಕಾಲ್‌ನಲ್ಲಿ ಸುಮ್ಮನೆ ತಮ್ಮ ಕೆಲಸ ಮಾಡುತ್ತಾ ಕೂತರೆ ಸಾಕು, ನಮ್ಮದೂ ಓಡುತ್ತದೆ. ಇದಕ್ಕೆ ಬಾಡಿ ಡಬ್ಲಿಂಗ್ ಅಂತ ಹೆಸರು. ಔಷಧಿ, ಬಿಲ್ಲು ಕಣ್ಣಿಗೆ ಬೀಳುವಲ್ಲೇ ಇರಲಿ, ಡ್ರಾಯರ್‌ಗೆ ಹೋದದ್ದು ಲೋಕದಿಂದಲೇ ಹೋದಂತೆ. ಮುಖವಾಡವನ್ನು ಎಲ್ಲ ಕಡೆ ಕಿತ್ತೆಸೆಯಿರಿ ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆ, ನೌಕರಿ, ಮೈಮೇಲಿನ ಸುರಕ್ಷತೆ ಅದರ ಮೇಲೆ ನಿಂತಿರುತ್ತವೆ. ಎಲ್ಲಿ ತೆಗೆದರೆ ಅಪಾಯ ಕಮ್ಮಿ ಅಂತ ನೀವೇ ಆರಿಸಿಕೊಳ್ಳಿ.

ಕೊನೆಗೆ ಒಂದು ಕಾಗದದ ಕೆಲಸ, ಮುಂದೂಡಬೇಡಿ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಹೇಳಿದೆ. ಆದರೆ ಮಾನಸಿಕ ಚಿಕಿತ್ಸೆಯ ಹೊತ್ತಿನಲ್ಲಿ ನಿಮ್ಮ ಪರ ಮಾತಾಡುವವರು ಯಾರು? 2017ರ ಮಾನಸಿಕ ಆರೋಗ್ಯ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ ನೀವೇ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಅವರು ಸಂಬಂಧಿಕರೇ ಆಗಬೇಕಿಲ್ಲ. 18 ತುಂಬಿರಬೇಕು, ಜವಾಬ್ದಾರಿ ಹೊರಲು ಶಕ್ತರಿರಬೇಕು, ಒಪ್ಪಿಗೆಯನ್ನು ಬರೆದು ಕೊಡಬೇಕು. ನೀವು ಯಾರ ಹೆಸರನ್ನೂ ಮುಂಚೆ ಬರೆದಿಡದಿದ್ದರೆ ಆ ಜಾಗ ಮೊದಲು ಸಿಗುವುದು ಸಂಬಂಧಿಕರಿಗೆ. ಇದಕ್ಕೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆಯ ಮೇಲೆ ಬರೆದು ನಿಮ್ಮ ಸಹಿ ಹಾಕಿದರೆ ಆಯಿತು. ಬರೆದ ಕೂಡಲೇ ಫೋಟೋ ತೆಗೆದು ಇಬ್ಬರಿಗೆ ಕಳಿಸಿಬಿಡಿ, ಆ ಹಾಳೆ ಎಲ್ಲಿಟ್ಟಿರಿ ಅಂತ ನಾಳೆ ನಿಮಗೇ ನೆನಪಿರುವುದಿಲ್ಲ.